‘ಯೂನಿವರ್ಸಲ್’ ಬೋರ್ಡ್ ಎಲ್ಲ ಪರದೆಗೂ ಒಗ್ಗುತ್ತದೆಯೇ?

ಕೆಟ್ಟು ಮೂಲೆ ಸೇರಿದ ಲ್ಯಾಪ್‌ಟಾಪ್ ನಿಮ್ಮ ಶಾಲೆಯಲ್ಲೂ ಇರಬಹುದು. ಮದರ್‌ಬೋರ್ಡ್ ಹಾಳಾಗಿದ್ದರೂ ಅದರ ಎಲ್‌ಸಿಡಿ ಪರದೆ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಅಡಾಪ್ಟರ್ ಬೋರ್ಡ್ ಜೋಡಿಸಿದರೆ ಮಾನಿಟರ್ ಸಿದ್ಧ. ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ಮಾದರಿಯೇ ಸರಿ. ಆದರೆ ಈ ಬೋರ್ಡ್‌ಗಳನ್ನು ‘ಯೂನಿವರ್ಸಲ್’ ಎಂದು ಮಾರುತ್ತಾರೆ. ಈ ಹೆಸರು ಎಷ್ಟು ನಿಜ? ಪರಿಶೀಲಿಸೋಣ.

ಮೊದಲು ಅದರ ಗುಣ ಹೇಳಬೇಕು. ಲ್ಯಾಪ್‌ಟಾಪ್ ಪರದೆಗೆ ವಿಜಿಎ ಅಥವಾ ಎಚ್‌ಡಿಎಂಐ ಸಂಕೇತ ಅರ್ಥವಾಗದು. ಬೋರ್ಡಿನಲ್ಲಿರುವ ಸ್ಕೇಲರ್ ಚಿಪ್ ಚಿತ್ರವನ್ನು ಪರದೆಯ ಅಳತೆಗೆ ಹೊಂದಿಸಿ, ಎಲ್‌ವಿಡಿಎಸ್ ಎಂಬ ರೂಪದಲ್ಲಿ ಕಳುಹಿಸುತ್ತದೆ. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆ 1994ರಲ್ಲಿ ಪರಿಚಯಿಸಿದ ಈ ವಿಧಾನದಲ್ಲಿ ಪ್ರತಿ ಸಂಕೇತಕ್ಕೂ ಎರಡು ತಂತಿಗಳು. ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಸುಮಾರು 350 ಮಿಲಿವೋಲ್ಟ್ ಮಾತ್ರ. ಹೊರಗಿನ ಗದ್ದಲ ಎರಡೂ ತಂತಿಗಳಿಗೆ ಸಮನಾಗಿ ತಟ್ಟುವುದರಿಂದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ನೀವೇ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 1024 x 768 ಪರದೆಯ ಪಿಕ್ಸೆಲ್ ಗಡಿಯಾರ 65 ಮೆಗಾಹರ್ಟ್ಸ್. ಗಡಿಯಾರದ ಒಂದು ಮಿಡಿತಕ್ಕೆ ಪ್ರತಿ ಜೋಡಿಯಲ್ಲಿ 7 ಬಿಟ್‌ಗಳು. ಅಂದರೆ ಒಂದು ಜೋಡಿಯಲ್ಲೇ ಸೆಕೆಂಡಿಗೆ 45.5 ಕೋಟಿ ಬಿಟ್‌ಗಳು! ಜೋಡಿ ತಂತಿಗಳನ್ನು ಏಕೆ ಹೊಸೆಯುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇಕೆ?

ಇನ್ನು ದೋಷಗಳು. ಮೊದಲನೆಯದು ವೋಲ್ಟೇಜ್. ಸಾಮಾನ್ಯವಾಗಿ ಲ್ಯಾಪ್‌ಟಾಪ್ ಪರದೆಗೆ 3.3, ಮಾನಿಟರ್ ಪರದೆಗೆ 5, ಟಿವಿ ಪರದೆಗೆ 12 ವೋಲ್ಟ್ ಬೇಕು. ಆಯ್ಕೆಗೆ ಬೋರ್ಡಿನ ಮೇಲೆ ಒಂದು ಪುಟ್ಟ ಜಂಪರ್ ಇರುತ್ತದೆ. 3.3 ವೋಲ್ಟ್ ಪರದೆಗೆ 12 ವೋಲ್ಟ್ ಕೊಟ್ಟರೆ ಪರದೆಯ ಕಥೆ ಅಲ್ಲಿಗೇ ಮುಗಿಯಿತು.

ಎರಡನೆಯದು ಕನೆಕ್ಟರ್. ಹಳೆಯ ಎಲ್‌ವಿಡಿಎಸ್ ಪರದೆಗಳಲ್ಲೂ 30 ಪಿನ್ನಿನವು ಇವೆ. ಈಚಿನ ಇಡಿಪಿ ಪರದೆಗಳಲ್ಲೂ ಇವೆ. ಆದರೆ ಸಂಕೇತಗಳು ಬೇರೆ ಬೇರೆ. ಪಿನ್ ಎಣಿಸಿ ಬೋರ್ಡ್ ಕೊಳ್ಳುವುದು ಸಲ್ಲದು.

ಮೂರನೆಯದು ಬೋರ್ಡಿನೊಳಗಿನ ತಂತ್ರಾಂಶ. ಅದು ನಿಮ್ಮ ಪರದೆಯ ಪಿಕ್ಸೆಲ್ ಸಂಖ್ಯೆಗೆ, 6 ಬಿಟ್ ಅಥವಾ 8 ಬಿಟ್ ಬಣ್ಣಕ್ಕೆ ಹೊಂದದಿದ್ದರೆ ಚಿತ್ರ ಒಡೆಯುತ್ತದೆ, ಬಣ್ಣ ಕೆಡುತ್ತದೆ. ಹೀಗಿರುವಾಗ ‘ಯೂನಿವರ್ಸಲ್’ ಎಂದರೆ ಎಲ್ಲಕ್ಕೂ ಒಗ್ಗುವುದು ಎಂದಲ್ಲ, ಸರಿಯಾಗಿ ಹೊಂದಿಸಿದರೆ ಹಲವಕ್ಕೆ ಒಗ್ಗುವುದು ಎಂದಷ್ಟೇ ಅರ್ಥ. ಹೊಂದಿಸುವುದು ಹೇಗೆಂಬ ವಿವರದ ಹಾಳೆಯನ್ನೇ ಕೊಡದೆ ಬೋರ್ಡ್ ಮಾರುವುದನ್ನು ಒಪ್ಪಲಾಗದು.

ಶಿಕ್ಷಕರು ಮರೆಯಬಾರದ ಇನ್ನೊಂದು ಮಾತು. ಹಳೆಯ ಪರದೆಗಳಲ್ಲಿ ಹಿಂಬೆಳಕಿಗೆ ಸಿಸಿಎಫ್‌ಎಲ್ ಎಂಬ ಸಣ್ಣ ಪ್ರತಿದೀಪ್ತಿ ಕೊಳವೆಗಳಿವೆ. ಅವನ್ನು ಹೊತ್ತಿಸಲು ಇನ್ವರ್ಟರ್ ಸಾವಿರ ವೋಲ್ಟ್‌ಗೂ ಹೆಚ್ಚು ಕೊಡುತ್ತದೆ. ಒಳಗೆ ಪಾದರಸವೂ ಇದೆ. ವಿದ್ಯಾರ್ಥಿಗಳ ಕೈಗೆ ಇಂಥ ಪರದೆ ಕೊಡಬೇಡಿ. ಎಲ್‌ಇಡಿ ಹಿಂಬೆಳಕಿನದನ್ನೇ ಆರಿಸಿ.

ಹಾಗಾದರೆ ದಾರಿ ಯಾವುದು? ಬೋರ್ಡ್ ಕೊಳ್ಳುವ ಮುನ್ನ ಪರದೆಯ ಬೆನ್ನು ನೋಡಿ. ಅಲ್ಲಿನ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಅದರ ಡೇಟಾಶೀಟ್ ಹುಡುಕಿ. ವೋಲ್ಟೇಜ್, ಸಂಕೇತದ ಬಗೆ, ಪಿನ್ ಜೋಡಣೆ, ಹಿಂಬೆಳಕು ಈ ನಾಲ್ಕನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ. ಪರದೆ ಜೋಡಿಸುವ ಮೊದಲು ಜಂಪರ್ ಬಳಿಯ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿಸಿ. ಡೇಟಾಶೀಟ್ ಸಿಗದಿದ್ದರೆ ಆ ಪರದೆಯನ್ನು ಬಿಟ್ಟುಬಿಡಿ. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.

ಪರದೆ ಬೆಳಗಿದರೆ ಸಂತೋಷ. ಏಕೆ ಬೆಳಗಿತು ಎಂದು ಹೇಳಬಲ್ಲ ವಿದ್ಯಾರ್ಥಿ ಮಾತ್ರ ಪ್ರಯೋಗ ಮಾಡಿದವನು. ಉಳಿದವರು ಬೋರ್ಡ್ ಕೊಂಡವರು, ಅಷ್ಟೆ.