ಫಾಸ್‌ಬಿಂಡರ್ ಚಿತ್ರ ನೋಡುವ ಬಗೆ

ಜರ್ಮನಿಯ ರೈನರ್ ವೆರ್ನರ್ ಫಾಸ್‌ಬಿಂಡರ್ (1945–1982) ಬದುಕಿದ್ದು 37 ವರ್ಷ. ಬರ್ಲಿನ್ನಿನ ಸಿನಿಮಾ ಶಾಲೆ ಸೇರಿಸಿಕೊಳ್ಳಲಿಲ್ಲ. ಮ್ಯೂನಿಕ್‌ನ ಸಣ್ಣ ರಂಗತಂಡದಲ್ಲಿ ಪಳಗಿ, 1969ರಲ್ಲಿ ಮೊದಲ ಪೂರ್ಣಾವಧಿ ಚಿತ್ರ ಮಾಡಿದ. ಸಾಯುವಷ್ಟರಲ್ಲಿ ಸುಮಾರು 40 ಚಿತ್ರಗಳಾಗಿದ್ದವು. ಬಹುಪಾಲು ಚಿತ್ರಗಳಿಗೆ ಬರವಣಿಗೆಯೂ ಅವನದೇ.

ಈ ರಾಶಿಗೆ ಇಳಿಯಲು ಒಳ್ಳೆಯ ಮೆಟ್ಟಿಲು 1974ರ ‘ಅಲಿ: ಫಿಯರ್ ಈಟ್ಸ್ ದ ಸೋಲ್’. ಕಸಗುಡಿಸುವ ವಿಧವೆ ಎಮ್ಮಿ, ತನಗಿಂತ ಬಹಳ ಚಿಕ್ಕವನಾದ ಮೊರಾಕೊದ ಕೆಲಸಗಾರ ಅಲಿಯನ್ನು ಮದುವೆಯಾಗುತ್ತಾಳೆ. ಕಥೆ ಇಷ್ಟೇ. ಅಭಿನಯ ಬಿಗಿ, ಮಾತು ಕಡಿಮೆ. ಭಾವಾವೇಶಕ್ಕೆ ಕಾದು ಕುಳಿತರೆ ನಿರಾಸೆಯೇ ಗತಿ. ಬದಲಿಗೆ ಯಾರನ್ನು ಎಲ್ಲಿ ನಿಲ್ಲಿಸಿದ್ದಾನೆ, ಯಾರು ಯಾರನ್ನು ದಿಟ್ಟಿಸುತ್ತಿದ್ದಾರೆ ಎಂಬುದನ್ನು ಗಮನಿಸಿ. ಹಳದಿ ಕುರ್ಚಿಗಳ ಖಾಲಿ ಕೆಫೆಯಲ್ಲಿ ಇವರಿಬ್ಬರೇ. ದೂರದಲ್ಲಿ ಸಾಲಾಗಿ ನಿಂತವರು ಕದಲದೆ ನೋಡುತ್ತಾರೆ. ಬಾಗಿಲ ಚೌಕಟ್ಟು, ಮೆಟ್ಟಿಲ ಕಂಬಿಗಳು ಪಾತ್ರಗಳನ್ನು ಮತ್ತೆ ಮತ್ತೆ ಸೆರೆಹಿಡಿಯುತ್ತವೆ.

ಮಗ ಸಿಟ್ಟಿನಿಂದ ತಾಯಿಯ ಟಿವಿಯನ್ನು ಒದ್ದು ಒಡೆಯುವ ದೃಶ್ಯಕ್ಕೆ ಒಂದು ಹಿನ್ನೆಲೆಯಿದೆ. ಫಾಸ್‌ಬಿಂಡರ್‌ಗೆ ಜರ್ಮನಿಯಿಂದ ಹಾಲಿವುಡ್ಡಿಗೆ ಹೋದ ಡಗ್ಲಸ್ ಸರ್ಕ್ ಅಚ್ಚುಮೆಚ್ಚು. ಸರ್ಕ್‌ನ 1955ರ ‘ಆಲ್ ದಟ್ ಹೆವನ್ ಅಲೌಸ್’ನಲ್ಲಿ ಮಕ್ಕಳು ಒಂಟಿ ತಾಯಿಗೆ ಟಿವಿಯನ್ನು ಉಡುಗೊರೆ ಕೊಡುತ್ತಾರೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಗುರುಶಿಷ್ಯರ ಜುಗಲ್‌ಬಂದಿಯ ರುಚಿ ಸಿಗುತ್ತದೆ.

ನಿಜವಾದ ಪೆಟ್ಟು ಉತ್ತರಾರ್ಧದಲ್ಲಿದೆ. ತಮಗೆ ಲಾಭವಿದೆ ಎಂದು ಕಂಡಾಗ ಅಂಗಡಿಯವನು, ನೆರೆಯವರು, ಮಗ ಎಲ್ಲರೂ ಮೆತ್ತಗಾಗುತ್ತಾರೆ. ಆಗ ಎಮ್ಮಿಯೇ ಬದಲಾಗುತ್ತಾಳೆ: ಗಂಡ ಕೇಳಿದ ಕುಸ್‌ಕುಸ್ ಮಾಡಿಕೊಡುವುದಿಲ್ಲ, ಗೆಳತಿಯರಿಗೆ ಅವನ ತೋಳು ಮುಟ್ಟಿ ನೋಡಲು ಬಿಡುತ್ತಾಳೆ. ಹಿಂದೆ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಕೂತು ತಿಂದ ಜಾಗದಲ್ಲಿ ಈಗ ಹೊರನಾಡಿನ ಹೊಸ ಕೆಲಸದವಳು. ದೂರವಿಟ್ಟವರ ಗುಂಪಿನಲ್ಲಿ ಎಮ್ಮಿಯೂ ಇದ್ದಾಳೆ. ಫಾಸ್‌ಬಿಂಡರ್‌ನ ಲೋಕದಲ್ಲಿ ಕ್ರೌರ್ಯಕ್ಕೆ ಖಳನಾಯಕ ಬೇಕಿಲ್ಲ. ನೊಂದವರೂ ಅದನ್ನು ಬೇಗ ಕಲಿಯುತ್ತಾರೆ.

ಮುಂದೆ ನೋಡಬೇಕಾದ ಚಿತ್ರ, ಹಾನಾ ಶಿಗುಲ್ಲ ನಟಿಸಿದ ‘ದ ಮ್ಯಾರೇಜ್ ಆಫ್ ಮರಿಯಾ ಬ್ರೌನ್’ (1979). ಯುದ್ಧಾನಂತರ ಹಣವಂತೆಯಾಗುವ ಹೆಣ್ಣಿನ ಈ ಕಥೆಗೆ ಕಿವಿಯನ್ನೂ ಕೊಡಿ. ಕೊನೆಯ ದೃಶ್ಯದಲ್ಲಿ ರೇಡಿಯೊ 1954ರ ಫುಟ್‌ಬಾಲ್ ವಿಶ್ವಕಪ್ ಫೈನಲ್ಲಿನ ವೀಕ್ಷಕ ವಿವರಣೆ ಕೂಗುತ್ತಿರುತ್ತದೆ. ದೇಶ ಗೆಲ್ಲುವ ಹೊತ್ತಿಗೆ ಮರಿಯಾಳ ಪಾಡೇನೆಂದು ನೋಡಿ.

14 ಕಂತುಗಳ ‘ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್’ (1980) ಕೊನೆಗಿರಲಿ. ಟಿವಿಗಾಗಿ ಮಾಡಿದ್ದು, ಹಾಗಾಗಿ ದಿನಕ್ಕೊಂದು ಕಂತು ಸಾಕು.