ಸ್ಲೇಟು, ಟ್ಯಾಬು ಮತ್ತು ನಮ್ಮ ಮನೆಗಳು

ನಮ್ಮಲ್ಲಿ ಅನೇಕರು ಅಕ್ಷರ ಕಲಿತದ್ದು ಸ್ಲೇಟಿನ ಮೇಲೆ. ಮದರಸಾಕ್ಕೆ ಹೋದ ಹಿರಿಯರಲ್ಲಿ ಕೆಲವರಿಗೆ ಮರದ ತಖ್ತಿಯ ನೆನಪೂ ಇರಬಹುದು. ಕನ್ನಡದ ಅ, ಆ ಆಗಲಿ, ಅರಬಿಯ ಅಲಿಫ್, ಬೇ ಆಗಲಿ ಮಗು ತಾನೇ ಬರೆಯಬೇಕಿತ್ತು. ತಪ್ಪಿದರೆ ಒರೆಸಿ ಮತ್ತೆ ಬರೆಯಬೇಕಿತ್ತು. ಸ್ಲೇಟು ತಾನಾಗಿ ಏನನ್ನೂ ತೋರಿಸುತ್ತಿರಲಿಲ್ಲ. ಅದರ ಬಡತನವೇ ಅದರ ಗುಣವಾಗಿತ್ತು.

ಅದೇ ಗಾತ್ರದ, ಗಾಜಿನ ಮುಖದ ಇನ್ನೊಂದು ಹಲಗೆ ಈಗ ನಮ್ಮ ಮನೆಗಳಿಗೆ ಬಂದಿದೆ. ಟ್ಯಾಬ್ಲೆಟ್ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥವೂ ಬರೆಯುವ ಹಲಗೆ ಎಂದೇ. ಜನರ ಬಾಯಲ್ಲಿ ಅದು ಟ್ಯಾಬು. ಜೇಬಿನಲ್ಲಿ ಮೊಬೈಲ್ ಇದೆ, ಗಂಭೀರ ಕೆಲಸಕ್ಕೆ ಕಂಪ್ಯೂಟರ್ ಇದೆ. ಹಾಗಿರುವಾಗ ಇವೆರಡರ ನಡುವಿನ ಈ ಸಾಧನದಿಂದ ಸಾಮಾನ್ಯ ಮನುಷ್ಯನಿಗೆ ನಿಜವಾಗಿ ಏನು ಪ್ರಯೋಜನ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಇದು ಉಳ್ಳವರ ಆಟಿಕೆ ಎಂಬುದು ಒಂದು. ಇದು ಹಳ್ಳಿಯ ಮಗುವಿನ ಭವಿಷ್ಯವನ್ನೇ ಬದಲಿಸುತ್ತದೆ ಎಂಬುದು ಇನ್ನೊಂದು. ಯಂತ್ರ ಯಾರ ಕೈಯಲ್ಲಿರುತ್ತದೆ, ಯಾರ ಕೆಲಸವನ್ನು ಮಾಡಿಕೊಡುತ್ತದೆ ಎಂಬುದನ್ನು ಎರಡೂ ಉತ್ತರಗಳು ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಂಜನಗೂಡು, ತಿ. ನರಸೀಪುರ ಸೀಮೆಯ ಹೆಮ್ಮಿಗೆಯಂತಹ ಒಂದು ಊರನ್ನು ಎದುರಿಗಿಟ್ಟುಕೊಂಡು ನೋಡೋಣ. ಇದು ಕಾವೇರಿ, ಕಪಿಲೆಯರ ನೀರಿನ ಸೀಮೆ, ಕೃಷಿಯೇ ಬದುಕು. ಇಲ್ಲಿಯ ಒಂದು ಸಾಧಾರಣ ಸಂಸಾರಕ್ಕೆ ಬೇಕಾದ 'ಮಾಹಿತಿ' ಯಾವುದು? ಜಮೀನಿನ ಪಹಣಿ, ನ್ಯಾಯಬೆಲೆ ಅಂಗಡಿಯ ಅಕ್ಕಿ, ಬ್ಯಾಂಕಿನ ಖಾತೆಗೆ ಬಂದ ಹಣ, ಬೆಳೆಯ ಧಾರಣೆ, ಮಕ್ಕಳ ಪಾಠ. ಇವುಗಳಲ್ಲಿ ಹೆಚ್ಚಿನವು ಈಗಾಗಲೇ ಗಣಕೀಕೃತಗೊಂಡಿವೆ. ಕೈಬರಹದ ಪಹಣಿ ಹೋಗಿ 'ಭೂಮಿ' ಯೋಜನೆಯ ಪಹಣಿ ಬಂದು ಎರಡು ದಶಕಗಳಾದವು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚಿನ ಯಂತ್ರವಿದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಯಂತ್ರವಿದೆ; 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟನ್ನು ಹರಿದುಕೊಟ್ಟದ್ದೂ ಅದೇ ಯಂತ್ರ.

ಈ ಯಂತ್ರಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಂದೊಂದಕ್ಕೂ ಒಂದೇ ಕೆಲಸ, ಮತ್ತು ಆ ಕೆಲಸ ಯಂತ್ರ ಬರುವ ಮೊದಲೇ ಇತ್ತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಯಂತ್ರ ಹಿಡಿದವರು ಬೇರೆ, ಹೆಬ್ಬೆಟ್ಟು ಒತ್ತುವವರು ಬೇರೆ. ಹೆಬ್ಬೆಟ್ಟು ಎಂದರೆ ಒಂದು ಕಾಲದಲ್ಲಿ ಅನಕ್ಷರತೆಯ ಗುರುತಾಗಿತ್ತು. ವಯಸ್ಕರ ಶಿಕ್ಷಣದ ತರಗತಿಗಳಲ್ಲಿ ಸಹಿ ಹಾಕಲು ಕಲಿತ ಎಷ್ಟೋ ತಾಯಂದಿರು ಇಂದು ಯಂತ್ರದ ಮುಂದೆ ಮತ್ತೆ ಹೆಬ್ಬೆಟ್ಟನ್ನೇ ಒತ್ತುತ್ತಾರೆ. ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಹಳ್ಳಿಗೆ ಬಂದಿಲ್ಲ ಎನ್ನುವಂತಿಲ್ಲ. ಬಂದಿದೆ, ಆದರೆ ಹಳ್ಳಿಗನ ಕೈಗೆ ಬಂದಿಲ್ಲ.

ಅದನ್ನು ಹಳ್ಳಿಗನ ಕೈಗೇ ಕೊಡಬೇಕೆಂದು ಯೋಚಿಸಿದವರು ನಮ್ಮ ನಾಡಿನಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪೆನಿಯವರು ಸೇರಿ ರೂಪಿಸಿದ 'ಸಿಂಪ್ಯೂಟರ್' ಎಂಬ ಕೈಗಣಕ 2001ರಲ್ಲಿ ಸುದ್ದಿಯಾಯಿತು. ಅದರ ಗುರಿ ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ. ಅಷ್ಟು ಹಣ ಒಬ್ಬ ಕೂಲಿಕಾರನಿಗೆ ದುಬಾರಿ ಎಂಬುದು ಅದನ್ನು ರೂಪಿಸಿದವರಿಗೆ ತಿಳಿದಿತ್ತು. ಆದ್ದರಿಂದ ಅದರಲ್ಲಿ ಸ್ಮಾರ್ಟ್ ಕಾರ್ಡಿಗೆ ಜಾಗ ಇಟ್ಟರು. ಯಂತ್ರ ಊರಿಗೆ ಒಂದು. ಕಾರ್ಡು ಒಬ್ಬೊಬ್ಬರಿಗೆ ಒಂದು. ತನ್ನ ಕಾರ್ಡನ್ನು ಹಾಕಿದಾಗ ಯಂತ್ರ ಅಷ್ಟು ಹೊತ್ತು ಅವನದು. ಓದು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶದ ಕೆಲಸವೂ ಜೊತೆಗೆ ನಡೆಯಿತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಸ್ವಸಹಾಯ ಸಂಘಗಳಿಗೆ ಸಾಲ ಕೊಡುವ ಸಂಘಮಿತ್ರ ಸಂಸ್ಥೆ ಅದನ್ನು ಬಳಸಿತು. ಕರ್ನಾಟಕ ಸರಕಾರ ಭೂದಾಖಲೆಯ ಕೆಲಸಕ್ಕೆ ಬಳಸಿತು. ಅಂದರೆ ರೈತನಿಗಾಗಿ ಹುಟ್ಟಿದ ಯಂತ್ರ ಕಡೆಗೆ ಸೇರಿದ್ದು ರೈತನ ಲೆಕ್ಕ ಬರೆದುಕೊಳ್ಳುವವರ ಕೈಯನ್ನು. ಅಷ್ಟರಲ್ಲಿ ಅಗ್ಗದ ಮೊಬೈಲ್ ಹಳ್ಳಿಗಳನ್ನು ಮುಟ್ಟತೊಡಗಿತ್ತು. ದೂರದ ಮಗನೊಡನೆ ಮಾತನಾಡಬೇಕು ಎಂಬ ಒಂದು ಗಟ್ಟಿಯಾದ ಅಗತ್ಯ ಮೊಬೈಲಿಗಿತ್ತು. ಸಿಂಪ್ಯೂಟರಿಗೆ ಅಂತಹ ಒಂದು ಅಗತ್ಯ ಸಿಕ್ಕಲಿಲ್ಲ. ಅದನ್ನು ಸೋತ ಯಂತ್ರವೆಂದು ನಕ್ಕು ಬಿಡುವುದು ಸುಲಭ. ಆದರೆ 'ಯಾರಿಗಾಗಿ' ಎಂಬ ಪ್ರಶ್ನೆಯಿಂದ ಆರಂಭವಾದ ಯಂತ್ರ ಅದು ಎಂಬುದನ್ನು ಮರೆಯಬಾರದು.

ಅನಂತರ ಬಂದವು ಆ ಪ್ರಶ್ನೆಯನ್ನು ಕೈಬಿಟ್ಟವು. 2010ರಲ್ಲಿ ಆಪಲ್ ಕಂಪೆನಿಯ ಐಪ್ಯಾಡ್ ಬಂತು. ಸೋಫಾದ ಮೇಲೆ ಒರಗಿ ನೋಡುವ, ಓದುವ, ಆಡುವ ಸಾಧನವೆಂದು ಅದು ಜನಪ್ರಿಯವಾಯಿತು. ಐಪ್ಯಾಡಿನಲ್ಲಿ ಕಂಪೆನಿಯೇ ಒದಗಿಸಿದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಏಳು ವರ್ಷ! ನಡುವೆ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ವಿದ್ಯಾರ್ಥಿಗಳಿಗೆಂದು 'ಆಕಾಶ್' ಟ್ಯಾಬ್ಲೆಟನ್ನು ಬಿಡುಗಡೆ ಮಾಡಿದರು. ಏಳು ಇಂಚಿನ ಪರದೆ, 256 ಎಂ.ಬಿ. ಸ್ಮೃತಿ, ಬೆರಳನ್ನು ಒತ್ತಿ ಒತ್ತಿ ಎಚ್ಚರಿಸಬೇಕಾದ ಸ್ಪರ್ಶ. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂಬ ಹೆಮ್ಮೆ ಪತ್ರಿಕೆಗಳಲ್ಲಿ ತುಂಬಿತ್ತು. ಅದರಲ್ಲಿದ್ದದ್ದು ಆಂಡ್ರಾಯ್ಡ್ 2.2. ಆಂಡ್ರಾಯ್ಡ್ ತಾನಾಗಿ ಕನ್ನಡಕ್ಕೆ ಬೆಂಬಲ ಕೊಡತೊಡಗಿದ್ದು 2012ರ ಆವೃತ್ತಿಯಿಂದ. ಹಳ್ಳಿಯ ಕನ್ನಡ ಶಾಲೆಯ ಮಗುವಿನ ಭವಿಷ್ಯ ಬದಲಿಸುವ ಹಲಗೆಗೆ ಆ ಮಗುವಿನ ಲಿಪಿಯೇ ಗೊತ್ತಿರಲಿಲ್ಲ ಎಂದರೆ, ಬೆಲೆಯ ಅಗ್ಗವನ್ನು ಇಟ್ಟುಕೊಂಡು ಏನು ಮಾಡುವುದು? ಎರಡು ರೂಪಾಯಿಯ ಬಳಪಕ್ಕೆ ಎಲ್ಲಾ ಲಿಪಿಗಳೂ ಗೊತ್ತು.

ಟ್ಯಾಬಿನ ಪರವಾಗಿ ವಾದಿಸುವವರು ಇಲ್ಲಿ ಕೊರೊನಾ ಕಾಲವನ್ನು ನೆನಪಿಸುತ್ತಾರೆ. ಅದು ನ್ಯಾಯವೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪರದೆಯೇ ಶಾಲೆಯಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಮೇಷ್ಟ್ರುಗಳು ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿ 'ವಿದ್ಯಾಗಮ' ನಡೆಸಿದರು. ಸೋಂಕಿನ ಭಯದಿಂದ ಅದೂ ಅಕ್ಟೋಬರ್‌ನಲ್ಲಿ ನಿಂತು ಮುಂದಿನ ಜನವರಿಯಲ್ಲಿ ಮತ್ತೆ ಆರಂಭವಾಯಿತು. 2021ರ ಜೂನ್‌ನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಣೆಗೆ ಚಾಲನೆ ಕೊಟ್ಟರು. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ರೇಖಾಗಣಿತದ ಚಿತ್ರ ನೋಡಿ ಕಣ್ಣು ನೋಯಿಸಿಕೊಂಡ ಮಕ್ಕಳಿಗೆ ದೊಡ್ಡ ಪರದೆ ಉಪಕಾರವೇ ಹೊರತು ಆಡಂಬರವಲ್ಲ. ಇದನ್ನು ಒಪ್ಪಬೇಕು.

ಆದರೆ ಅದೇ ಕಾಲ ಇನ್ನೊಂದು ಸತ್ಯವನ್ನೂ ತೋರಿಸಿತು. ಗ್ರಾಮೀಣ ಶಿಕ್ಷಣದ ಸ್ಥಿತಿಗತಿಯನ್ನು ಅಳೆಯುವ 'ಅಸರ್' ವರದಿಯಂತೆ, ದೇಶದಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಗಳ ವಿದ್ಯಾರ್ಥಿಗಳು 2018ರಲ್ಲಿ ಶೇ. 36.5 ಇದ್ದವರು 2021ರಲ್ಲಿ ಶೇ. 67.6 ಆದರು. ಹಾಗಿದ್ದೂ, ಮನೆಯಲ್ಲಿ ಫೋನ್ ಇದ್ದ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿಗೆ ಅದು ಬಳಸಲು ಸಿಗುತ್ತಿರಲಿಲ್ಲ. ಯಂತ್ರ ಮನೆಗೆ ಬರುವುದು ಬೇರೆ, ಮಗುವಿನ ಕೈಗೆ ಬರುವುದು ಬೇರೆ.

ಈ ಎರಡರ ನಡುವಿನ ಅಂತರ ನಮ್ಮ ಸಮುದಾಯದ ಮನೆಗಳಲ್ಲಿ ಹೇಗಿದೆ ಎಂಬುದನ್ನು ನಾವು ಮುಜುಗರವಿಲ್ಲದೆ ಮಾತನಾಡಬೇಕು. ಮಗ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಅವನದೇ ಒಂದು ಫೋನ್ ಇರುತ್ತದೆ. ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳಿಗೆ ಅಬ್ಬಾನ ಫೋನ್, ಅದೂ ಇಶಾ ನಮಾಝಿನ ನಂತರ, ಅದೂ ಚಾರ್ಜ್ ಉಳಿದಿದ್ದರೆ. ಹೆಣ್ಣುಮಗಳ ಕೈಯ ಫೋನನ್ನು ನಾವು ಸಂಶಯದಿಂದ ನೋಡುತ್ತೇವೆ. ಅದು ಸಣ್ಣದು, ಖಾಸಗಿ, ಗೋಡೆಗೆ ತಿರುಗಿ ಕುಳಿತರೆ ಮುಗಿಯಿತು ಎಂಬ ಭಯ. ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಟ್ಯಾಬಿಗೆ ಈ ಸಂಶಯ ಅಷ್ಟಾಗಿ ತಟ್ಟುವುದಿಲ್ಲ. ಹಗಲು ಅವಳು ಅದರಲ್ಲಿ ಪಾಠ ನೋಡಬಹುದು, ಅರ್ಜಿ ತುಂಬಬಹುದು. ಸಂಜೆ ಕಣ್ಣು ಮಂಜಾದ ದಾದಿ ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿಕೊಂಡು ಕುರ್‌ಆನ್ ಓದಬಹುದು. ಮೊಬೈಲಿನಲ್ಲಿ ಇದು ಕಷ್ಟ. ಕಂಪ್ಯೂಟರಿನ ಮುಂದೆ ದಾದಿ ಕೂರುವವರಲ್ಲ. ಟ್ಯಾಬಿಗೆ ತನ್ನದೇ ಆದ ಉಪಯೋಗವೊಂದು ಇದ್ದರೆ ಅದು ಇಂತಹ ಕಡೆ ಇದೆ: ಒಬ್ಬರ ಸ್ವತ್ತಾಗದೆ ಮನೆಯ ಸಾಮಾನಾಗಿರುವಲ್ಲಿ.

ಇದರಲ್ಲೂ ಒಂದು ತೊಡಕಿದೆ. ಎಲ್ಲರಿಗೂ ಕಾಣುವ ಪರದೆ ಕಾವಲಿನ ಪರದೆಯೂ ಆಗಬಹುದು. ಅಣ್ಣನಿಗೆ ಖಾಸಗಿ ಫೋನ್, ತಂಗಿಗೆ ಮಾತ್ರ ನಡುಮನೆಯ ಟ್ಯಾಬು ಎಂದರೆ ಅದು ಹಂಚಿಕೆಯಲ್ಲ. ಹಂಚಿಕೊಳ್ಳುವ ನಿಯಮ ಮನೆಯ ಗಂಡಸರಿಗೂ ಅನ್ವಯಿಸಿದಾಗ ಮಾತ್ರ ಅದಕ್ಕೆ ಗೌರವ.

ಎರಡನೆಯ ತೊಡಕು ಸ್ಲೇಟಿಗೆ ಸಂಬಂಧಿಸಿದ್ದು. ಕುರ್‌ಆನಿನ ಮೊದಲ ಅವತೀರ್ಣ ವಚನಗಳಲ್ಲಿ ಓದಿನ ಜೊತೆಗೆ ಲೇಖನಿಯ ಪ್ರಸ್ತಾಪವೂ ಇದೆ ಎಂದು ನಮ್ಮ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಾವು ಮಕ್ಕಳಿಗೆ ಕೊಡುವ ಟ್ಯಾಬಿನಲ್ಲಿ ಲೇಖನಿಯ ಕೆಲಸ ಎಷ್ಟು? ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ವಿಡಿಯೋ ಆರಂಭವಾಗುತ್ತದೆ. ಪಾಠವೂ ವಿಡಿಯೋ, ಬಯಾನೂ ವಿಡಿಯೋ, ಅಡುಗೆಯೂ ವಿಡಿಯೋ. ಮಗು ತಾನಾಗಿ ಒಂದು ಪುಟ ಕನ್ನಡ ಬರೆದು, ತಿದ್ದಿ, ಮೇಷ್ಟ್ರಿಗೆ ಕಳಿಸದಿದ್ದರೆ ಅದು ಕೈಯಲ್ಲಿ ಹಿಡಿಯುವ ಟಿ.ವಿ. ಮಾತ್ರ. ಟಿ.ವಿ. ಈಗಾಗಲೇ ನಮ್ಮ ಮನೆಗಳಲ್ಲಿದೆ.

ಬರೆಯುವ ಕೈಗೆ ಯಂತ್ರ ಸಿಕ್ಕಿದರೆ ಏನಾಗುತ್ತದೆ ಎಂಬುದರ ಒಂದು ಸಣ್ಣ ಉದಾಹರಣೆಯನ್ನು ಹೊಲದಿಂದಲೇ ಕೊಡಬಹುದು. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಬೆಳೆ ಸಮೀಕ್ಷೆಯನ್ನು ರೈತರೇ ಮಾಡಿಕೊಳ್ಳುವ ಆ್ಯಪ್ ತಂದಿತು. ತನ್ನ ಸರ್ವೆ ನಂಬರಿನಲ್ಲಿ ಬೆಳೆದದ್ದು ಭತ್ತವೋ ರಾಗಿಯೋ ಎಂದು ರೈತ ತಾನೇ ನಮೂದಿಸಿ, ಚಿತ್ರ ತೆಗೆದು ಕಳಿಸಬಹುದಾಯಿತು. ಬೆಳೆ ವಿಮೆ, ಪರಿಹಾರಗಳಿಗೆ ಈ ದಾಖಲೆಯೇ ಆಧಾರವಾದ್ದರಿಂದ ಇದು ಸಣ್ಣ ಅಧಿಕಾರವಲ್ಲ. ತನ್ನ ಲೆಕ್ಕವನ್ನು ತಾನೇ ಬರೆಯುವ ಅವಕಾಶ ಅದು. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಮೊಬೈಲ್ ಅಷ್ಟೇ, ಟ್ಯಾಬು ಬೇಕಿರಲಿಲ್ಲ. ಕೆಲಸ ಸ್ಪಷ್ಟವಿದ್ದರೆ ಇದ್ದ ಯಂತ್ರವೇ ಸಾಕಾಗುತ್ತದೆ.

ಹಾಗಾದರೆ ಟ್ಯಾಬುಗಳನ್ನು ಹಂಚುವುದೇ ಬೇಡವೆ? ಹಂಚುವ ರೀತಿಯನ್ನು ಬದಲಿಸಬೇಕು ಎಂಬುದು ನನ್ನ ಮಾತು. ನಮ್ಮ ಸಂಘಸಂಸ್ಥೆಗಳು ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಟ್ಯಾಬು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದರಲ್ಲಿ ಮಾಡಬೇಕಾದ ಕೆಲಸ ಯಾವುದು? ಆ ಕೆಲಸ ಕೈಯಲ್ಲಿರುವ ಮೊಬೈಲಿನಿಂದ ಆಗುವುದಿಲ್ಲವೆ? ಮಗು ಇದರಲ್ಲಿ ತನ್ನ ಭಾಷೆಯಲ್ಲಿ ಬರೆಯಲು ಕಲಿತಿದೆಯೆ? ಆರು ತಿಂಗಳ ನಂತರ ಇದು ಯಾರ ಕೈಯಲ್ಲಿರುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ದಾನಿಗಳು ಆರು ತಿಂಗಳ ನಂತರ ಆ ಮನೆಗೆ ಹೋಗಬೇಕಾಗುತ್ತದೆ. ಅಲ್ಲಿ ಫೋಟೋಗ್ರಾಫರ್ ಇರುವುದಿಲ್ಲ.

ಮನೆಮನೆಗೆ ಕೊಡಲಾಗದಿದ್ದರೆ ಊರಿಗೆ ಕೊಡಬಹುದು. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಇವು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು; ಈಗ ಇವನ್ನು 'ಅರಿವು ಕೇಂದ್ರ' ಎನ್ನುತ್ತಾರೆ. ಇಂತಹ ಕೇಂದ್ರದ ಮೇಜಿನ ಮೇಲೆ ನಾಲ್ಕು ಟ್ಯಾಬು, ನಾಲ್ಕು ಕೀಲಿಮಣೆ ಇದ್ದು, ಸಂಜೆ ಎರಡು ಗಂಟೆ ಹೆಣ್ಣುಮಕ್ಕಳಿಗೆಂದೇ ಮೀಸಲಾದರೆ ಒಬ್ಬೊಬ್ಬರಿಗೆ ಒಂದೊಂದು ಕೊಡುವ ಖರ್ಚಿನ ಒಂದು ಪಾಲಿನಲ್ಲಿ ಇಡೀ ಊರಿನ ಕೆಲಸ ಆಗುತ್ತದೆ. ಯಂತ್ರ ಊರಿಗೊಂದು, ಕಾರ್ಡು ಒಬ್ಬೊಬ್ಬರಿಗೆ ಎಂದು ಸಿಂಪ್ಯೂಟರ್ ರೂಪಿಸಿದವರು ಯೋಚಿಸಿದ್ದು ಇದನ್ನೇ. ಆಗ ಊರಿನಲ್ಲಿ ಅದನ್ನು ಇಡುವ ಮೇಜು, ನೋಡಿಕೊಳ್ಳುವ ಗ್ರಂಥಪಾಲಕರು, ಕನ್ನಡ ಬಲ್ಲ ತಂತ್ರಾಂಶ ಒಟ್ಟಿಗೆ ಇರಲಿಲ್ಲ. ಇಂದು ಮೂರೂ ಒಟ್ಟಿಗೆ ಸಿಗುವುದು ಸಾಧ್ಯ.

ಉಳಿದಿರುವುದು ಮಗಳನ್ನು ಆ ಮೇಜಿನವರೆಗೆ ಕಳಿಸುವ ಮನಸ್ಸು. ಅದನ್ನು ಯಾವ ಸರಕಾರವೂ ಹಂಚಲಾರದು. ಹೆಮ್ಮಿಗೆಯ ಒಂದು ಮನೆಯಿಂದ ಗ್ರಂಥಾಲಯಕ್ಕೆ ಇರುವ ದೂರ ಕೆಲವು ನೂರು ಹೆಜ್ಜೆ ಇರಬಹುದು. ಅಷ್ಟು ದೂರ ಅವಳೊಂದಿಗೆ ನಡೆದು, ಅವಳು ಕೂತು ಬರೆಯುವಷ್ಟು ಹೊತ್ತು ಹೊರಗಿನ ಕಟ್ಟೆಯ ಮೇಲೆ ಪತ್ರಿಕೆ ಓದುತ್ತಾ ಕಾಯಲು ಒಬ್ಬ ಅಬ್ಬಾ ಸಿದ್ಧನಿದ್ದರೆ ಟ್ಯಾಬಿನಿಂದ ಪ್ರಯೋಜನವಿದೆ.