ಪೌಲನ ಪತ್ರಗಳಲ್ಲಿ ಅಪ್ರಿಯ ಸತ್ಯ

ಸತ್ಯವಾದರೂ ಅಪ್ರಿಯವಾದುದನ್ನು ನುಡಿಯಲಾಗದೆಂಬುದು ಮನುಸ್ಮೃತಿಯ ವಿಧಿ. ಸಂತ ಪೌಲನು ಈ ವಿಧಿಯನ್ನು ಅರಿತವನಲ್ಲ. ಅರಿತಿದ್ದರೂ ಪಾಲಿಸುತ್ತಿರಲಿಲ್ಲವೆಂಬುದಕ್ಕೆ ಕ್ರಿ. ಶ. 50ರ ಆಸುಪಾಸಿನಲ್ಲಿ ಆತನು ಗಲಾತ್ಯದ ಸಭೆಗಳಿಗೆ ಬರೆದ ಪತ್ರವೇ ಸಾಕ್ಷಿ. ಆತನ ಬಹುಪಾಲು ಪತ್ರಗಳ ಆರಂಭದಲ್ಲಿ ಬರುವ ಕೃತಜ್ಞತಾವಚನ ಇಲ್ಲಿಲ್ಲ. ವಂದನೆ ಮುಗಿದೊಡನೆ ಆಕ್ಷೇಪ.

ಅನ್ಯಜನರಿಂದ ಬಂದ ಭಕ್ತರೂ ಸುನ್ನತಿ ಮಾಡಿಸಿಕೊಳ್ಳಬೇಕೆಂಬ ಬೋಧನೆಗೆ ಗಲಾತ್ಯರು ಒಲಿಯುತ್ತಿದ್ದುದು ಇದಕ್ಕೆ ಕಾರಣ. ಈ ವಾದದ ಶಾಸ್ತ್ರಭಾಗವನ್ನು ವ್ಯಾಖ್ಯಾನಕಾರರು ಸಾಕಷ್ಟು ವಿವೇಚಿಸಿದ್ದಾರೆ. ಸಾಹಿತ್ಯದೃಷ್ಟಿಗೆ ಮುಖ್ಯವಾದುದು ನಾಲ್ಕನೆಯ ಅಧ್ಯಾಯದಲ್ಲಿ ತರ್ಕವು ಹಠಾತ್ತನೆ ಕಡಿದುಹೋಗುವ ಸ್ಥಳ. ತಾನು ಅಸ್ವಸ್ಥನಾಗಿ ಅವರಲ್ಲಿದ್ದುದು, ಅವರು ಹೇಸದೆ ಆದರಿಸಿದುದು, ಸಾಧ್ಯವಿದ್ದರೆ ಕಣ್ಣನ್ನೇ ಕಿತ್ತುಕೊಡುವಷ್ಟು ಅಕ್ಕರೆ ತೋರಿದುದು ಎಲ್ಲವೂ ಅವನಿಗೆ ನೆನಪಾಗುತ್ತದೆ. ಹೇಳಿದ ಸತ್ಯಕ್ಕಾಗಿ ಈಗ ತಾನು ಹಗೆಯಾದೆನೇ ಎಂದು ಕೇಳುತ್ತಾನೆ. ಪ್ರಸವವೇದನೆಪಡುವ ತಾಯಿಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಎದುರಿಗಿದ್ದು ದನಿ ಬದಲಿಸಿ ಮಾತಾಡಬಯಸುತ್ತಾನೆ. ಈ ಕೊನೆಯ ಬಯಕೆಯಲ್ಲಿಯೇ ಪತ್ರದ ಮರ್ಮವಿದೆ. ಎದುರಿಗೆ ಕುಳಿತವನು ಕೇಳುವವನ ಮುಖ ನೋಡಿ ಮಾತನ್ನು ಮೃದುಗೊಳಿಸಬಲ್ಲನು. ಪತ್ರಕ್ಕಿರುವುದು ಒಂದೇ ದನಿ. ಊರು ಬಿಟ್ಟು ದೂರದಿಂದ ಮನೆಗೆ ಬರೆಯುವವರಾರಿಗೂ ಈ ಕಷ್ಟ ಅಪರಿಚಿತವಲ್ಲ.

ಹಾಗೆಂದು ಪೌಲನನ್ನು ಬರಿಯ ಕರುಣಾಳುವಾಗಿ ಚಿತ್ರಿಸುವುದು ಸಲ್ಲದು. ಮುಂದಿನ ಅಧ್ಯಾಯದಲ್ಲಿ ಸುನ್ನತಿವಾದಿಗಳ ಮೇಲೆ ಅವನು ಎಸೆದ ಕುಹಕವು ಅಸಭ್ಯತೆಯ ಅಂಚನ್ನು ಮುಟ್ಟಿದೆ.

ಅವನು ತೆತ್ತ ಬೆಲೆಯ ಸುಳಿವು ಎರಡನೆಯ ಅಧ್ಯಾಯದಲ್ಲಿದೆ. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರನು ಯಾಕೋಬನ ಕಡೆಯವರು ಬಂದೊಡನೆ ಹಿಂದೆಗೆದನು. ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಿದನು. ಬಾರ್ನಬನೂ ಪೇತ್ರನ ದಾರಿ ಹಿಡಿದನೆಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಯೆರೂಸಲೇಮಿನ ಶಿಷ್ಯರು ಪೌಲನನ್ನು ನಂಬದೆ ಹೆದರಿದಾಗ ಅವನ ಪರವಾಗಿ ನಿಂತವನು ಈ ಬಾರ್ನಬನೇ ಎಂದು ಅಪೊಸ್ತಲರ ಕೃತ್ಯಗಳಿಂದ ತಿಳಿಯುತ್ತದೆ. ಪೇತ್ರನು ಏನೆಂದು ಉತ್ತರಿಸಿದನು? ಪತ್ರ ಹೇಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುವ ಸ್ವಭಾವ ಪೌಲನದಲ್ಲ. ಆ ಮೌನವನ್ನು ಸೋಲೆಂದು ಓದುವ ವಿದ್ವಾಂಸರ ಮತವೇ ಒಪ್ಪತಕ್ಕುದು.

ಕೊರಿಂಥದವರಿಗೆ ಕಣ್ಣೀರಿನೊಡನೆ ಬರೆದ ಪತ್ರದ ಕಥೆ ಬೇರೆ. ಅದನ್ನು ಕಳುಹಿಸಿ ಪರಿತಪಿಸಿದುದನ್ನು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ತ್ರೋವದಲ್ಲಿ ತೀತನನ್ನು ಕಾಣದೆ ಕಳವಳಗೊಂಡು, ಅಲ್ಲಿ ಒದಗಿದ್ದ ಬೋಧನೆಯ ಅವಕಾಶವನ್ನೂ ಬಿಟ್ಟು ಮಕೆದೋನ್ಯಕ್ಕೆ ಹೊರಟನು. ತೀತನು ಅಲ್ಲಿಗೆ ಬಂದು, ಕೊರಿಂಥದವರ ಮನಸ್ಸು ತಿರುಗಿತೆಂಬ ಸುದ್ದಿ ತಂದನು. ಗಲಾತ್ಯದಿಂದ ಅಂಥ ಸುದ್ದಿ ಬಂದಿತೆಂದು ಪೌಲನ ಯಾವ ಪತ್ರದಲ್ಲಿಯೂ ಇಲ್ಲ.